ಲೋಟ ಯಾರ ಕೈಯಲ್ಲಿದೆಯೋ ಅವರ ಮಾತು

ನನ್ನ ಕೌನ್ಸೆಲಿಂಗ್ ರೂಮಿನ ಟೀಪಾಯಿ ಮೇಲೆ ಒಂದು ಸ್ಟೀಲ್ ಲೋಟ ಇರುತ್ತದೆ. ನೀರು ಕುಡಿಯುವುದಕ್ಕಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಇನ್ನೊಬ್ಬರು ಕೇಳಿಸಿಕೊಂಡು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ವಾಪಸ್ ಹೇಳಬೇಕು. 'ಹೌದು, ಅದೇ' ಅಂತ ಒಪ್ಪಿಗೆ ಸಿಕ್ಕಮೇಲೇ ಲೋಟ ಆ ಕಡೆಗೆ ಹೋಗುವುದು. ಶುರುವಿನಲ್ಲಿ ನಿಂಬೆಹಣ್ಣು ಇಟ್ಟಿದ್ದೆ. ಮಗಳ ಜೊತೆ ಬಂದಿದ್ದ ಒಬ್ಬ ಅಮ್ಮ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಮಾಟ ಮಾಡುವ ಜಾಗ ಅಂದುಕೊಂಡರೇನೋ. ಅವತ್ತೇ ಅಡುಗೆಮನೆಯಿಂದ ಲೋಟ ತಂದಿಟ್ಟೆ.

ಮೈಸೂರಿನಲ್ಲಿ 11 ವರ್ಷದಿಂದ ದಂಪತಿಗಳಿಗೆ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಇವರು ಜಗಳ ಆಡುವುದು ಕನ್ನಡದಲ್ಲಿ. 'ನೀನು' ಅಂತ ಶುರು ಮಾಡಬೇಡಿ, 'ನಾನು' ಅಂತ ಶುರು ಮಾಡಿ ಅಂತ ಹೇಳಿಕೊಡುತ್ತಿದ್ದೆ. ಒಬ್ಬರು ತಕ್ಷಣ, "ನಾನು ಇವಳಂಥ ಹಟಮಾರಿನ ಎಲ್ಲೂ ನೋಡಿಲ್ಲ" ಅಂದರು. 'ನಾನು' ಬಂತಲ್ಲ! ಆಮೇಲೆ 'ನನಗೆ' ಅಂತ ಶುರು ಮಾಡಿಸಿದೆ. ನನಗೆ ಬೇಜಾರಾಯ್ತು. ನನಗೆ ಭಯ ಆಗುತ್ತೆ. 'ನೀನು ಸಿಟ್ಟು ಮಾಡ್ಕೊಂಡೆ' ಅಂದರೆ ಅದು ದೂರು. 'ನನಗೆ ಸಿಟ್ಟು ಬಂತು' ಅಂದರೆ, ಬಂದದ್ದು ಎಲ್ಲಿಂದ ಅಂತ ಇಬ್ಬರೂ ಕೂತು ನೋಡಬಹುದು. ಈ ಒಂದು ವಿಭಕ್ತಿ ನನಗೆ ಮಾಡಿಕೊಟ್ಟಷ್ಟು ಕೆಲಸವನ್ನು ಯಾವ ವರ್ಕ್‌ಶಾಪೂ ಮಾಡಿಲ್ಲ.

ಒಂದು ತಪ್ಪು ಹೇಳಲೇಬೇಕು. ಮೊದಲ ವರ್ಷ ಎಲ್ಲರನ್ನೂ ಜೋಡಿಯಾಗಿಯೇ ಕೂರಿಸುತ್ತಿದ್ದೆ. ಒಬ್ಬಾಕೆಗೆ 'ಮನಸ್ಸಲ್ಲಿರೋದು ಹೇಳಿಬಿಡಿ' ಅಂತ ಧೈರ್ಯ ತುಂಬಿದೆ. ಹೇಳಿದರು. ಆ ಮಾತಿಗೆ ಮನೆಗೆ ಹೋದಮೇಲೆ ಹೊಡೆತ ಬಿತ್ತು ಅಂತ ನನಗೆ ಗೊತ್ತಾದದ್ದು ವಾರದ ನಂತರ, ಫೋನಿನಲ್ಲಿ. ಅಲ್ಲಿಂದ ಈಚೆಗೆ, ಒಟ್ಟಿಗೆ ಒಂದು ಸಲ ನೋಡಿದ ಮೇಲೆ ಒಬ್ಬೊಬ್ಬರನ್ನೇ ಕರೆಯುತ್ತೇನೆ. "ಕೈ ಮಾಡ್ತಾರಾ? ಇಲ್ಲಿ ಮಾತಾಡಿದ್ದಕ್ಕೆ ಮನೇಲಿ ತೊಂದರೆ ಆಗುತ್ತಾ?" ಅಂತ ನೇರವಾಗಿ ಕೇಳುತ್ತೇನೆ. ಹೌದು ಅಂದರೆ ಲೋಟ ಒಳಗಿಡುತ್ತೇನೆ. ಆಗ ಬೇಕಾದದ್ದು ಸುರಕ್ಷತೆ. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಇವುಗಳ ಬಗ್ಗೆ ತಿಳಿಸುತ್ತೇನೆ. ಹೊಂದಿಕೊಂಡು ಹೋಗಿ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಇನ್ನು ಗೀಸರ್ ಜೋಡಿ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಆತ ದಿನಾ ಸ್ನಾನ ಮಾಡಿ ಗೀಸರ್ ಆಫ್ ಮಾಡದೇ ಬರುತ್ತಾರೆ. "ರೀ, ಎಷ್ಟು ಸಲ ಹೇಳಬೇಕು ನಿಮಗೆ?" ಆತ ಸುಮ್ನೆ ಫೋನ್ ನೋಡುತ್ತಾರೆ. ಆಕೆಯ ದನಿ ಏರುತ್ತೆ, ಆತ ಇನ್ನೂ ಮುದುಡುತ್ತಾರೆ. ಆತ ಮುದುಡಿದಷ್ಟೂ ಆಕೆಯ ದನಿ ಜಾಸ್ತಿ. ಕೆನಡಾದ ಮನಶ್ಶಾಸ್ತ್ರಜ್ಞೆ ಸೂ ಜಾನ್ಸನ್ 1980ರ ದಶಕದಲ್ಲಿ ಲೆಸ್ಲಿ ಗ್ರೀನ್‌ಬರ್ಗ್ ಜೊತೆ ಸೇರಿ ರೂಪಿಸಿದ ಚಿಕಿತ್ಸೆಯಲ್ಲಿ ಮೊದಲು ಹಿಡಿಯುವುದೇ ಈ ಸುತ್ತನ್ನು. ಹಾಳೆಯ ಮೇಲೆ ಬಾಣ ಹಾಕಿ ತೋರಿಸಿದೆ. "ಇದರಲ್ಲಿ ಯಾರು ಶುರು ಮಾಡಿದ್ದು ಹೇಳಿ" ಅಂದೆ. ಇಬ್ಬರೂ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.

ಆಮೇಲೆ ಆಕೆಯ ಕೈಗೆ ಲೋಟ ಕೊಟ್ಟೆ. ಆಕೆ ಹೇಳಿದ್ದನ್ನು ಕೇಳಿ ಆತ, "ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತಿದ್ದೀಯ" ಅಂದರು. ಅಲ್ಲ. "ನಾನು ಬೇಜವಾಬ್ದಾರಿ ಅಂತಿದ್ದೀಯ." ಅದೂ ಅಲ್ಲ. ಮೂರನೇ ಸಲ ನಿಧಾನವಾಗಿ, "ನೀನು ಹೇಳಿದ್ದು ನನ್ನ ಕಿವಿಗೇ ಬೀಳಲ್ಲ, ಮನೇಲಿ ಒಬ್ಬಳೇ ಇದ್ದ ಹಾಗಿರುತ್ತೆ ನಿನಗೆ... ಅದಾ?" ಆಕೆ 'ಹೌದು' ಅನ್ನಲಿಲ್ಲ. ಲೋಟ ಆ ಕಡೆ ತಳ್ಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಆತನ ಸರದಿಯಲ್ಲಿ ಬಂದದ್ದು ಒಂದೇ ಮಾತು: "ನನಗೆ ಏನು ಹೇಳಿದ್ರೂ ತಪ್ಪಾಗುತ್ತೆ ಅಂತ ಭಯ. ಅದಕ್ಕೇ ಬಾಯಿ ಬಿಡಲ್ಲ."

ಅಷ್ಟಕ್ಕೇ ಗೀಸರ್ ಆಫ್ ಆಗಲಿಲ್ಲ, ಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ ದಂಪತಿಗಳ ಜಗಳದ ವಿಷಯಗಳಲ್ಲಿ ಸುಮಾರು 69% ಯಾವತ್ತೂ ಪೂರ್ತಿ ಬಗೆಹರಿಯುವಂಥವಲ್ಲ. ಅವರಿಂದಲೇ ಕಲಿತ ಇನ್ನೊಂದು ಉಪಾಯ ಜೋರು ಜಗಳದ ನಡುವಿನ ಬಿಡುವು. ನಾಡಿ ನಿಮಿಷಕ್ಕೆ 100 ದಾಟಿದರೆ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಕಡಿಮೆ ಅಂದರೂ 20 ನಿಮಿಷ ದೂರ ಇರಬೇಕು, ವಾಪಸ್ ಬರುವ ಹೊತ್ತನ್ನು ಮೊದಲೇ ಹೇಳಿ ಹೋಗಬೇಕು. ಹೇಳದೆ ಎದ್ದು ಹೋದರೆ ಅದು ಬಿಡುವಲ್ಲ, ಇನ್ನೊಂದು ಜಗಳ.

ಆದರೆ ಈ ಜೋಡಿಯದು ಒಂದೇ ಬೆಡ್‌ರೂಮಿನ ಮನೆ, ಹಾಲ್‌ನಲ್ಲಿ ಅತ್ತೆ ಟೀವಿ ನೋಡುತ್ತಿರುತ್ತಾರೆ. ದೂರ ಹೋಗುವುದೆಲ್ಲಿಗೆ? ಇವರೇ ದಾರಿ ಕಂಡುಕೊಂಡರು. ಸಿಟ್ಟು ನೆತ್ತಿಗೇರಿದವರು "ಹಾಲು ತರ್ತೀನಿ, ಅರ್ಧ ಗಂಟೆ" ಅಂತ ಚಪ್ಪಲಿ ಮೆಟ್ಟಿ ಹೊರಡುವುದು. ಎರಡು ವಾರ ಬಿಟ್ಟು ಬಂದಾಗ ಹೇಗಿದೆ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಫ್ರಿಜ್ಜಿನಲ್ಲಿ ಐದು ಪ್ಯಾಕೆಟ್ ಹಾಲು ಸೇರಿಬಿಟ್ಟಿತ್ತಂತೆ. "ಹಾಲಿನವನ ಹತ್ರ ಏನಾದ್ರೂ ಸಾಲ ಮಾಡಿದ್ದೀರಾ?" ಅಂತ ಅತ್ತೆ ಕೇಳಿದರಂತೆ. ಕೊನೆಗೆ ಅವರೇ ಎಲ್ಲಾ ಹಾಲಿಗೂ ಹೆಪ್ಪು ಹಾಕಿ, ಮಜ್ಜಿಗೆ ಹುಳಿ ಮಾಡಿ ಬಡಿಸಿದರಂತೆ.