ಅಂಬಾಸಿಡರಿನ ರೇಡಿಯೇಟರಿಗೆ ತಗಡಿನ ಶ್ರೌಡ್: ನನ್ನ ಅನುಭವ

ಶ್ರೌಡ್ ಎಂದರೆ ಫ್ಯಾನ್ ರೇಡಿಯೇಟರಿನ ಮೂಲಕವೇ ಗಾಳಿಯನ್ನು ಎಳೆಯುವಂತೆ ಅದರ ಹಿಂಬದಿಗೆ ಹಾಕುವ ಹೊದಿಕೆ. ನನ್ನಲ್ಲಿರುವುದು 1489 ಸಿಸಿ ಪೆಟ್ರೋಲ್ ಎಂಜಿನಿನ ಹಳೆಯ ಅಂಬಾಸಿಡರ್. ಯಶವಂತಪುರದಿಂದ ಹೊರಟು ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವಷ್ಟರಲ್ಲಿ ಅದರ ಟೆಂಪರೇಚರ್ ಮುಳ್ಳು ಕೊನೆಯ ಗೆರೆಯ ಹತ್ತಿರ ಬಂದಿರುತ್ತಿತ್ತು. ನೆಲಮಂಗಲ ಬಿಟ್ಟು ಅರವತ್ತರ ವೇಗ ಹಿಡಿದರೆ ತಾನಾಗಿಯೇ ಇಳಿಯುತ್ತಿತ್ತು. ರೇಡಿಯೇಟರನ್ನು ಬಿಚ್ಚಿಸಿ ಕೊಳವೆಗಳನ್ನು ಸ್ವಚ್ಛಗೊಳಿಸಿದ್ದೆ, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ಬದಲಿಸಿದ್ದೆ, ಫ್ಯಾನ್ ಬೆಲ್ಟ್ ಬಿಗಿ ಮಾಡಿಸಿದ್ದೆ. ಓಡುವಾಗ ತಣ್ಣಗಾಗುವ ಎಂಜಿನ್ ನಿಂತಾಗ ಕಾಯುತ್ತದೆ ಎಂದರೆ ಕೊರತೆ ನೀರಿನದಲ್ಲ, ಗಾಳಿಯದು ಎಂಬುದನ್ನು ನಾನು ಆಗಲೇ ಗ್ರಹಿಸಬೇಕಿತ್ತು. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, ರೇಡಿಯೇಟರ್ ಮುಚ್ಚಳದ ರಬ್ಬರ್ ಒತ್ತಡ ಹಿಡಿಯದಿದ್ದರೆ ಕುದಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಮುಚ್ಚಳವನ್ನೂ ಹೊಸದು ಹಾಕಿದೆ.

ನಂತರ ಮಾಡಿದ್ದು ಅವಸರದ ಕೆಲಸ. ಗುಜರಿಯಿಂದ ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ತಂದು, ವೈರುಗಳನ್ನು ಅದಲುಬದಲು ಮಾಡಿ, ಗಾಳಿಯನ್ನು ಒಳಕ್ಕೆ ತಳ್ಳುವಂತೆ ರೇಡಿಯೇಟರಿನ ಮುಂದೆ ಕೂರಿಸಿದೆ. ಎಳೆಯುವುದಕ್ಕೆಂದು ಬಾಗಿಸಿದ ರೆಕ್ಕೆಗಳು ತಿರುಗಾಮುರುಗಾ ಸುತ್ತಿದರೆ ಗಾಳಿ ಬಹಳ ಕಡಿಮೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ. ಹೊಸ ಕಾರುಗಳಲ್ಲಿರುವ ಆಲ್ಟರ್ನೇಟರ್ ಇಲ್ಲದ ನನ್ನ ಕಾರಿನ ಡೈನಮೋ ಪೂರ್ಣ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಅದು ಚಾರ್ಜ್ ಮಾಡುವುದಿಲ್ಲವೆಂದೇ ಹೇಳಬೇಕು. ಫ್ಯಾನ್ ಬೇಕಾದ ಹೊತ್ತಿನಲ್ಲೇ ಬ್ಯಾಟರಿ ಬರಿದಾಗುತ್ತಿತ್ತು. ಒಂದು ಸಂಜೆ ಸಿಗ್ನಲಿನಲ್ಲಿ ಎಂಜಿನ್ ಆರಿ, ಸೆಲ್ಫ್ ಎತ್ತಲಿಲ್ಲ. ಹಿಂದಿದ್ದ ಇಬ್ಬರು ಆಟೋ ಚಾಲಕರು ಇಳಿದು ಬಂದು ತಳ್ಳಿದರು. ಮರುದಿನವೇ ಆ ಫ್ಯಾನನ್ನು ಕಳಚಿದೆ.

ಆಮೇಲೆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಲು ಊದುಬತ್ತಿಯನ್ನು ಉದ್ದನೆಯ ತಂತಿಗೆ ಕಟ್ಟಿ, ಪೆಟ್ರೋಲ್ ಎಲ್ಲಿಯೂ ಜಿನುಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಐಡ್ಲಿಂಗಿನಲ್ಲಿದ್ದ ಎಂಜಿನಿನ ಮುಂದೆ ಹಿಡಿದೆ. ರೇಡಿಯೇಟರಿನ ನಡುವೆ ಹೊಗೆ ನೇರವಾಗಿ ಒಳಕ್ಕೆ ಹೋಯಿತು. ನಾಲ್ಕೂ ಮೂಲೆಗಳಲ್ಲಿ ದೇವರ ಮನೆಯಲ್ಲಿ ಏಳುವ ಹಾಗೆ ಮೇಲಕ್ಕೆ ಎದ್ದಿತು. ಹಿಂಬದಿಯಲ್ಲಿ, ಎಂಜಿನಿನ ಮೂಲ ಫ್ಯಾನಿನ ರೆಕ್ಕೆಗಳ ತುದಿಯ ಬಳಿ ಹಿಡಿದಾಗ ಹೊಗೆ ಅಡ್ಡದಿಂದ ಫ್ಯಾನಿಗೆ ನುಗ್ಗಿತು. ಅಂದರೆ ಫ್ಯಾನ್ ರೇಡಿಯೇಟರಿನ ಮೂಲಕ ತಣ್ಣನೆಯ ಗಾಳಿಯನ್ನು ಎಳೆಯುವ ಬದಲು, ಪಕ್ಕದ ಸಂದಿಯಿಂದ ಎಂಜಿನಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು.

ಶ್ರೌಡ್ ಮುಚ್ಚುವುದು ಈ ಸಂದಿಯನ್ನೇ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ತಗಡಿನ ಕೆಲಸದವರಿಂದ 22 ಗೇಜ್ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟಿನಲ್ಲಿ ರೇಡಿಯೇಟರಿನ ಇಡೀ ಹಿಂಬದಿಯನ್ನು ಮುಚ್ಚುವ ಡಬ್ಬಿಯನ್ನು ಮಾಡಿಸಿದೆ. ನಡುವಿನ ದುಂಡು ಕಿಂಡಿಯಲ್ಲಿ ರೆಕ್ಕೆಯ ಅಗಲದ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಆಳವನ್ನು ಗುರುತು ಹಾಕಿಕೊಟ್ಟಿದ್ದೆ. ಸಂದಿ ಕಿರಿದಾದಷ್ಟೂ ಒಳ್ಳೆಯದೆಂದು ರೆಕ್ಕೆಯ ತುದಿಗೂ ತಗಡಿಗೂ 12 ಮಿಲಿಮೀಟರ್ ಮಾತ್ರ ಬಿಟ್ಟದ್ದು ನನ್ನ ತಪ್ಪು. ಫ್ಯಾನ್ ಇರುವುದು ಎಂಜಿನಿನ ಮೇಲೆ, ಶ್ರೌಡ್ ಇರುವುದು ರೇಡಿಯೇಟರಿನ ಮೇಲೆ. ರಬ್ಬರ್ ಮೌಂಟಿಂಗಿನ ಮೇಲೆ ಕೂತ ಎಂಜಿನ್ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಓಲಾಡಿ, ರೆಕ್ಕೆ ತಗಡನ್ನು ಕರ್ರೆಂದು ಕೆರೆಯಿತು. ಸಂದಿ ಸುತ್ತಲೂ 25 ಮಿಲಿಮೀಟರ್ ಆಗುವಂತೆ ಕಿಂಡಿಯನ್ನು ಹಿಗ್ಗಿಸಿ ಅಂಚನ್ನು ಮಡಿಸಿದ ಮೇಲೆ ಸರಿಹೋಯಿತು. ಶ್ರೌಡಿಗೂ ರೇಡಿಯೇಟರಿಗೂ ನಡುವೆ ಸ್ಪಂಜಿನ ಪಟ್ಟಿ ಅಂಟಿಸದಿದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ.

ಹೆದ್ದಾರಿಯಲ್ಲಿ ಎದುರುಗಾಳಿಗೆ ಇದೇ ತಗಡು ಅಡ್ಡಿಯಾಗಬಾರದೆಂದು ಎರಡು ಕೆಳಮೂಲೆಗಳಲ್ಲಿ ಕಿಂಡಿ ಕೊರೆದು, ಹಳೆಯ ಟ್ಯೂಬಿನ ರಬ್ಬರನ್ನು ಹೊರಗಡೆಯಿಂದ ಮೇಲಂಚಿಗೆ ಮಾತ್ರ ಸಿಕ್ಕಿಸಿ ಇಳಿಬಿಟ್ಟೆ. ನಿಂತಾಗ ಫ್ಯಾನಿನ ಎಳೆತಕ್ಕೆ ಅದು ಕಿಂಡಿಗೆ ಅಂಟಿಕೊಳ್ಳುತ್ತದೆ, ಓಡುವಾಗ ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುತ್ತದೆ.

ಅಳತೆಗೆ ಇನ್ಫ್ರಾರೆಡ್ ಥರ್ಮಾಮೀಟರ್ ಬಳಸಿದೆ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುವುದರಿಂದ ಥರ್ಮೋಸ್ಟಾಟ್ ಕವರಿನ ಮೇಲೆ ಕಪ್ಪು ಟೇಪು ಅಂಟಿಸಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ನಿಮಿಷದ ಐಡ್ಲಿಂಗಿನ ನಂತರ ಹಿಂದೆ 99 ಡಿಗ್ರಿ ತಲುಪಿ ಇನ್ನೂ ಏರುತ್ತಿದ್ದದ್ದು ಈಗ 88ಕ್ಕೆ ಬಂದು ನಿಲ್ಲುತ್ತದೆ. ಥರ್ಮೋಸ್ಟಾಟ್ ತೆರೆಯುವುದೇ 82ಕ್ಕೆ ಆದ್ದರಿಂದ ಇದಕ್ಕಿಂತ ಹೆಚ್ಚು ತಣ್ಣಗಿರಬೇಕೆಂದು ನಾನು ಬಯಸುವುದಿಲ್ಲ. ಗ್ಯಾರೇಜಿನವರು “ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್” ಎಂದು ಈಗಲೂ ಹೇಳುತ್ತಾರೆ, ನಾನು ಕೇಳುವುದಿಲ್ಲ. ಫ್ಯಾನಿನ ಮೊರೆತ ಸ್ವಲ್ಪ ಹೆಚ್ಚಾಗಿದೆ. ಬೆಲ್ಟ್ ಬದಲಿಸಬೇಕಾದರೆ ಇಡೀ ಶ್ರೌಡನ್ನು ಬಿಚ್ಚಬೇಕಾಗಿರುವುದು ಮಾತ್ರ ಕಿರಿಕಿರಿ; ಅದನ್ನು ಮೇಲೆ ಕೆಳಗೆ ಎರಡು ಹೋಳಾಗಿ ಕತ್ತರಿಸಿ ಬೋಲ್ಟ್ ಹಾಕಿಸಲು ರಟ್ಟಿನ ಅಚ್ಚು ಸಿದ್ಧವಾಗಿದೆ.