ಬಡ್ಡಿ ಲೆಕ್ಕದಲ್ಲಿ √5 ಬಂದರೆ ಏನು ಮಾಡಬೇಕು?

ವರ್ಷದ ಮೊದಲ ದಿನ 10,000 ರೂಪಾಯಿ ಕಟ್ಟಿದಿರಿ. ಮರುವರ್ಷ ಅದೇ ದಿನ ಇನ್ನೊಂದು 10,000. ಎರಡನೇ ವರ್ಷದ ಕೊನೆಗೆ 22,000 ಕೈಗೆ ಬಂತು. ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ. ಬಡ್ಡಿ ದರ ಎಷ್ಟು?

ಪೆನ್ನು ಹಿಡಿಯುವ ಮೊದಲು ಒಂದು ಅಂದಾಜು ಮಾಡಿಕೊಳ್ಳಿ. ಮೊದಲ ಕಂತು ಎರಡು ವರ್ಷ ದುಡಿದಿದೆ, ಎರಡನೆಯದು ಒಂದೇ ವರ್ಷ. ಅಂದರೆ 30,000 ರೂಪಾಯಿ ಒಂದು ವರ್ಷ ದುಡಿದು 2,000 ತಂದ ಹಾಗೆ. ಸರಳ ಬಡ್ಡಿಯಾದರೆ ಶೇ 6.67. ಇದು ಚಕ್ರಬಡ್ಡಿ, ಹಾಗಾಗಿ ಉತ್ತರ ಅದಕ್ಕಿಂತ ತುಸು ಕಡಿಮೆ ಇರಬೇಕು. ಈ ಅಂದಾಜು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಸಮೀಕರಣ. ಒಂದು ರೂಪಾಯಿ ಒಂದು ವರ್ಷದಲ್ಲಿ ಎಷ್ಟಾಗುತ್ತದೋ ಅದನ್ನು ‘ಗ’ ಎನ್ನೋಣ, ಗುಣಕದ ಗ. ಮೊದಲ ಕಂತು ಎರಡು ಸಲ ಗುಣವಾಗುತ್ತದೆ, ಎರಡನೆಯದು ಒಂದು ಸಲ.

10,000ಗ² + 10,000ಗ = 22,000

ಎರಡೂ ಕಡೆ 2,000ದಿಂದ ಭಾಗಿಸಿದರೆ 5ಗ² + 5ಗ − 11 = 0. ಎಷ್ಟು ಹಗುರವಾಯಿತು ನೋಡಿ!

ಶೋಧಕ, ಅಂದರೆ ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಬೆಲೆ, ಕಂಡುಹಿಡಿಯಿರಿ: 5² − 4 × 5 × (−11) = 25 + 220 = 245. ಇದು ಋಣವಾಗಿ ಬಂದರೆ ಚಿಹ್ನೆ ತಪ್ಪಿದೆ ಎಂದೇ ಅರ್ಥ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು 9ನೇ ಶತಮಾನದಲ್ಲೇ ಬರೆದವರು ಮಹಾವೀರಾಚಾರ್ಯರು. ನೃಪತುಂಗನ ಕಾಲದವರು, ಬಡ್ಡಿ ಲೆಕ್ಕಗಳನ್ನೂ ಬಹಳ ಬಿಡಿಸಿದವರು.

245 ಎಂದರೆ 49 × 5. ಆದ್ದರಿಂದ √245 = 7√5, ಮತ್ತು ಗ = (−5 ± 7√5)/10. ಮೈನಸ್ ಚಿಹ್ನೆಯ ಮೂಲ ಋಣ ಸಂಖ್ಯೆ. ಕಟ್ಟಿದ ಹಣ ಋಣ ಆಗುವುದಿಲ್ಲವಲ್ಲ, ಅದನ್ನು ಬಿಡಿ.

ಹೆಚ್ಚಿನವರು ಎಡವುವುದು ಇಲ್ಲೇ. √5 ಅಭಾಗಲಬ್ಧ ಸಂಖ್ಯೆ. ಅದು ಪ/ಫ ಎಂಬ ಭಿನ್ನರಾಶಿ ಆಗಿದ್ದರೆ ಪ² = 5ಫ² ಆಗಬೇಕಿತ್ತು. ಅವಿಭಾಜ್ಯಗಳಾಗಿ ಒಡೆದಾಗ ವರ್ಗ ಸಂಖ್ಯೆಯಲ್ಲಿ 5 ಸಮ ಸಲ ಬರುತ್ತದೆ, ಬಲಗಡೆಯಲ್ಲಿ ಬೆಸ ಸಲ. ಎರಡೂ ಕಡೆ ಒಂದೇ ಸಂಖ್ಯೆ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ದಶಮಾಂಶಕ್ಕೆ ಇಳಿಸುವಾಗ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಬೇಗ ಕತ್ತರಿಸಿದರೆ ಏನಾಗುತ್ತದೆ? √5 ಅನ್ನು 2.2 ಎಂದುಕೊಂಡರೆ ಗ = 1.04, ದರ ಶೇ 4. 2.24 ಎಂದುಕೊಂಡರೆ ಶೇ 6.8. 2.236 ಎಂದರೆ ಶೇ 6.52. ಇಷ್ಟು ವ್ಯತ್ಯಾಸ ಯಾಕೆ? ಶೇಕಡಾ ದರವನ್ನು ನೇರವಾಗಿ ಬರೆದರೆ 70√5 − 150. √5ರಲ್ಲಿ ಮಾಡಿದ ಸಣ್ಣ ತಪ್ಪು 70 ಪಟ್ಟು ಬೆಳೆಯುತ್ತದೆ! ಆದ್ದರಿಂದ ಕೊನೆಯ ಸಾಲಿನವರೆಗೂ √5 ಅನ್ನು √5 ಎಂದೇ ಬರೆಯಿರಿ. ಮಕ್ಕಳಿಗೆ ಇದೊಂದನ್ನು ಗಟ್ಟಿಯಾಗಿ ಕಲಿಸಿದರೆ ಅರ್ಧ ತಪ್ಪುಗಳು ಹೋಗುತ್ತವೆ ಎಂದು ನನಗೆ ಅನಿಸುತ್ತದೆ.

ಕ್ಯಾಲ್ಕುಲೇಟರ್ ಇಲ್ವಾ? 2.25ರಿಂದ ಶುರು ಮಾಡಿ. 5 ÷ 2.25 = 2.2222. ಎರಡರ ಸರಾಸರಿ 2.2361. ಅದರಿಂದ ಮತ್ತೊಮ್ಮೆ 5 ಅನ್ನು ಭಾಗಿಸಿ ಸರಾಸರಿ ತೆಗೆದರೆ 2.23607. ಇಷ್ಟು ಸಾಕು.

ಗ = 1.06525, ದರ ಸುಮಾರು ಶೇ 6.52. ಅಂದಾಜು 6.67ಕ್ಕಿಂತ ತುಸು ಕಡಿಮೆ, ಸರಿಯಾಗಿದೆ. ತಾಳೆ ನೋಡಿ: ಮೊದಲ ವರ್ಷದ ಕೊನೆಗೆ 10,652.50. ಹೊಸ ಕಂತು ಸೇರಿ 20,652.50. ಮತ್ತೆ 1.06525ರಿಂದ ಗುಣಿಸಿದರೆ 22,000ಕ್ಕೆ ಎಂಟು ಪೈಸೆ ಜಾಸ್ತಿ.

ಮೂರು ಕಂತು ಕಟ್ಟಿ 33,000 ಬಂದರೆ? ಆಗ ಗ³ + ಗ² + ಗ = 3.3, ಘನ ಸಮೀಕರಣ. ಸೂತ್ರ ಹುಡುಕಬೇಡಿ, ಬೆಲೆ ಹಾಕಿ ನೋಡಿ. 1.04 ಹಾಕಿದರೆ 3.2465, ಕಡಿಮೆ. 1.05 ಹಾಕಿದರೆ 3.3101, ಜಾಸ್ತಿ. ಮೂಲ ಇವೆರಡರ ನಡುವೆ ಇದೆ, 1.05ಕ್ಕೆ ಹತ್ತಿರ. 1.048, 1.049 ಹಾಕುತ್ತಾ ಬಿಗಿ ಮಾಡಿದರೆ 1.0484 ಸಿಗುತ್ತದೆ. ದರ ಸುಮಾರು ಶೇ 4.84.