ಐವತ್ತು ಸಾವಿರದ ಅಂದಾಜು, ಇನ್ನೂರು ರೂಪಾಯಿಯ ಜೂನ್

ಮೊದಲ ಅಂದಾಜು ಹಾಕಿದ್ದು ಮಂಗಳೂರಿನ ಹಂಪನಕಟ್ಟೆಯಲ್ಲಿ, ಸೋದರಮಾವನ ಕೊಡೆ ಅಂಗಡಿಯಲ್ಲಿ ಕೂತು. ಮೇ ತಿಂಗಳ ಸೆಕೆ. ಮಾವ ಹೊಸ ಮಾಲು ಬಿಚ್ಚುತ್ತಿದ್ದರು, ನಾನು ಖಾಲಿ ಪೆಟ್ಟಿಗೆಯ ರಟ್ಟಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಮಳೆಗಾಲದಲ್ಲಿ ಕರಾವಳಿಯ ಮನೆಗಳಿಗೆ ಬೇಕಾಗುವ ಸಾಮಾನುಗಳ ಬಗ್ಗೆ ನನ್ನದೊಂದು ವೆಬ್‌ಸೈಟ್. ಬಟ್ಟೆ ಒಣಗಿಸುವ ಸ್ಟ್ಯಾಂಡ್, ಕಪಾಟಿಗೆ ಬೂಷ್ಟು ಹಿಡಿಯದಂತೆ ಇಡುವ ಪೊಟ್ಟಣ, ಕೋಣೆಯ ತೇವ ಎಳೆಯುವ ಡಿಹ್ಯುಮಿಡಿಫೈಯರ್, ಇಂಥವು. ಓದಿದವರು ನನ್ನ ಲಿಂಕ್ ಒತ್ತಿ ಅಮೆಜಾನ್‌ನಲ್ಲಿ ಕೊಂಡರೆ ನನಗೆ ಕಮಿಷನ್.

ರಟ್ಟಿನ ಲೆಕ್ಕ ಹೀಗಿತ್ತು. ಯಾವ ಪದವನ್ನು ಜನ ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ ಆರು ಪದ ನೋಡಿದೆ. ಜಾಹೀರಾತಿಗೆ ದುಡ್ಡು ಹಾಕದವರಿಗೆ ಅದು ಸರಿಯಾದ ಸಂಖ್ಯೆ ಕೊಡುವುದಿಲ್ಲ. ತಿಂಗಳಿಗೆ 1 ಸಾವಿರದಿಂದ 10 ಸಾವಿರ ಎಂಬಂಥ ಅಗಲ ಕೊಡುತ್ತದೆ. ನಾನು ನಡುವಿನ 5 ಸಾವಿರ ಹಿಡಿದೆ. ಆರು ಪದಕ್ಕೆ 30 ಸಾವಿರ ಹುಡುಕಾಟ. ಮೂರರಲ್ಲೊಬ್ಬ ನನ್ನ ಸೈಟಿಗೆ ಬಂದರೆ 10 ಸಾವಿರ. ಅದರಲ್ಲಿ ಅರ್ಧ ಜನ ಲಿಂಕ್ ಒತ್ತಿದರೆ 5 ಸಾವಿರ, ಹತ್ತರಲ್ಲೊಬ್ಬ ಕೊಂಡರೆ 500, ತಲಾ ನೂರು ರೂಪಾಯಿ ಕಮಿಷನ್. ತಿಂಗಳಿಗೆ 50 ಸಾವಿರ!

ಮಾವ ರಟ್ಟು ತಿರುಗಿಸಿ ನೋಡಿದರು. "ಎಂತ ಮಾರಾಯ, ಈ ರಸ್ತೆಯಲ್ಲಿ ಹೋಗುವವರೆಲ್ಲ ನನ್ನ ಗಿರಾಕಿ ಅಂತ ಹೇಳಿದ ಹಾಗಾಯ್ತಲ್ಲ ಇದು" ಎಂದರು. ನನಗೆ ಸ್ವಲ್ಪ ಸಿಟ್ಟೇ ಬಂತು.

ಜೂನ್ ಮುಗಿದಾಗ ಸೈಟಿಗೆ ಬಂದವರು 640. ಲಿಂಕ್ ಒತ್ತಿದವರು 96. ಆರ್ಡರ್ 5, ಅದರಲ್ಲಿ ಒಂದು ವಾಪಸ್. ಉಳಿದ ನಾಲ್ಕರ ಬೆಲೆ ಒಟ್ಟು 4,720 ರೂಪಾಯಿ. ಕಮಿಷನ್ ಈ 4,720ರ ಮೇಲೂ ಅಲ್ಲ. ತೆರಿಗೆ, ಸಾಗಾಟದ ಖರ್ಚು ಕಳೆದು ಉಳಿದದ್ದರ ಮೇಲೆ. ಎಲ್ಲಕ್ಕೂ 18 ಶೇಕಡಾ ಜಿಎಸ್‌ಟಿ ಎಂದು ಹಿಡಿದು ತೆಗೆದರೆ 4,000. ಅದಕ್ಕೆ 5 ಶೇಕಡಾದಂತೆ 200 ರೂಪಾಯಿ. (ಕಮಿಷನ್ ದರ ವಿಭಾಗಕ್ಕೊಂದು, ಆಗಾಗ ಬದಲಾಗುವುದೂ ಉಂಟು. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಎಲ್ಲ ಕಡೆ 5 ಹಿಡಿದಿದ್ದೇನೆ.) ನಮ್ಮ ಮನೆಗೇ ಒಂದು ಸ್ಟ್ಯಾಂಡ್ ನನ್ನ ಲಿಂಕಿನಿಂದ ತರಿಸಿದ್ದೆ. ಸ್ವಂತಕ್ಕೆ ಕೊಂಡದ್ದಕ್ಕೆ ಕಮಿಷನ್ ಇಲ್ಲ ಎಂಬ ಷರತ್ತು ಓದಿದ್ದು ಆಮೇಲೆ.

50 ಸಾವಿರ ಇನ್ನೂರಕ್ಕೆ ಇಳಿದದ್ದು ಎಲ್ಲಿ ಎಂದು ಹುಡುಕುತ್ತಾ ಕೂತೆ. ಹೊರಗೆ ಮಳೆ, ಕರೆಂಟು ಹೋಗಿ ಬರುತ್ತಿತ್ತು. ಮೊದಲು ಸಿಕ್ಕಿದ ತಪ್ಪು ನಾಚಿಕೆ ತರುವಂಥದ್ದು. ನನ್ನ ಆರು ಪದಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ಪದ: 'ಕ್ಲಾತ್ ಡ್ರೈಯಿಂಗ್ ಸ್ಟ್ಯಾಂಡ್', 'ಕ್ಲೋತ್ಸ್ ಡ್ರೈಯಿಂಗ್ ಸ್ಟ್ಯಾಂಡ್', 'ಕ್ಲಾತ್ ಡ್ರೈ ಸ್ಟ್ಯಾಂಡ್'. ಪ್ಲಾನರ್ ಇಂಥವನ್ನು ಒಟ್ಟು ಸೇರಿಸಿ ಪ್ರತಿಯೊಂದಕ್ಕೂ ಅದೇ ಸಂಖ್ಯೆ ತೋರಿಸುತ್ತದೆ. ಅದೇ ಜನರನ್ನು ನಾನು ಮೂರು ಸಲ ಎಣಿಸಿದ್ದೆ.

ಮೂರರಲ್ಲೊಬ್ಬ ಬರುತ್ತಾನೆ ಎಂದದ್ದಕ್ಕೂ ಬುಡವಿರಲಿಲ್ಲ. ಇಂಥ ಪದ ಹುಡುಕಿದರೆ ಮೇಲೆ ಜಾಹೀರಾತು, ಬೆಲೆ ಸಮೇತ ಚಿತ್ರಗಳು, ಆಮೇಲೆ ದೊಡ್ಡ ಅಂಗಡಿಗಳ ಪುಟಗಳು. ನನ್ನದು ಅದರ ಕೆಳಗೆಲ್ಲೋ ಎಂಟನೆಯದು. ಫೋನಿನಲ್ಲಿ ಅಷ್ಟು ಕೆಳಗೆ ಎಳೆದು ನೋಡುವ ತಾಳ್ಮೆ ನನಗೇ ಇಲ್ಲ.

ಅಲ್ಲಿಂದ ಮುಂದೆ ಪದಗಳ ಸಂಖ್ಯೆಯಿಂದ ಅಂದಾಜು ಹಾಕುವುದನ್ನೇ ಬಿಟ್ಟೆ. ಗೂಗಲ್ ಸೈಟಿನವರಿಗೆ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ನಮ್ಮದೇ ಪುಟ ಎಷ್ಟು ಸಲ ಫಲಿತಾಂಶದಲ್ಲಿ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದು ಸಿಗುತ್ತದೆ. ಅಮೆಜಾನ್‌ನ ಈ ಕಮಿಷನ್ ಯೋಜನೆಯಾದ ಅಸೋಸಿಯೇಟ್ಸ್‌ನಲ್ಲಿ ಒಂದೇ ಖಾತೆಗೆ ಹಲವು ಟ್ರ್ಯಾಕಿಂಗ್ ಐಡಿ, ಅಂದರೆ ಆರ್ಡರ್ ಯಾವ ಲಿಂಕಿನಿಂದ ಬಂತೆಂದು ಗುರುತಿಸುವ ಹೆಸರು, ಮಾಡಿಕೊಳ್ಳಬಹುದು. ನಾನು ಪುಟಕ್ಕೊಂದು ಮಾಡಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು. ಯಾವ ಪುಟ ದುಡಿಯುತ್ತದೆ, ಯಾವುದು ಬರೀ ಜನ ಸೇರಿಸುತ್ತದೆ ಎಂಬುದು ಬೇರೆಬೇರೆಯಾಗಿ ಕಂಡಿತು.

ಎರಡನೇ ವರ್ಷದ ಜೂನ್‌ನ ಎರಡು ಪುಟ ನೋಡಿ. ಒಂದು, ಮಳೆಗಾಲದಲ್ಲಿ ಬಟ್ಟೆಗೆ ವಾಸನೆ ಬಾರದಂತೆ ಏನು ಮಾಡುವುದು ಎಂಬ ಪುಟ. ಬಂದವರು 2,100, ಅಂಗಡಿಗೆ ದಾಟಿದವರು 42, ಆರ್ಡರ್ ಒಂದೇ: 354 ರೂಪಾಯಿಯ ಪೊಟ್ಟಣಗಳು. ತೆರಿಗೆ ಕಳೆದು 300, ನನಗೆ 15 ರೂಪಾಯಿ. ಒಬ್ಬ ಓದುಗನಿಗೆ ಒಂದು ಪೈಸೆಯೂ ಬೀಳಲಿಲ್ಲ. ಇನ್ನೊಂದು, ಹತ್ತಕ್ಕೆ ಹನ್ನೆರಡಡಿ ಕೋಣೆಗೆ ಎಷ್ಟು ಲೀಟರಿನ ಡಿಹ್ಯುಮಿಡಿಫೈಯರ್ ಬೇಕು ಎಂಬ ಪುಟ. ಬಂದವರು 120 ಮಾತ್ರ, ದಾಟಿದವರು 30, ಕೊಂಡದ್ದು ಒಬ್ಬರು, 11,800 ರೂಪಾಯಿಯದ್ದು. ನನಗೆ 500. ತಲೆಗೆ ನಾಲ್ಕು ರೂಪಾಯಿ ಚಿಲ್ಲರೆ. ವಾಸನೆ ಹೋಗಲಿ ಎನ್ನುವವನಿಗೆ ಬೇಕಾದ್ದು ಉಪಾಯ; ಕರ್ಪೂರವೋ ಬೇವಿನ ಎಲೆಯೋ ಇಟ್ಟು ಸುಮ್ಮನಾಗುತ್ತಾನೆ. ಎಷ್ಟು ಲೀಟರ್ ಎಂದು ಕೇಳುವವನು ಕೊಳ್ಳುವುದೆಂದು ಮನಸ್ಸು ಮಾಡಿಯೇ ಬಂದಿರುತ್ತಾನೆ. ಮಾವನ ಭಾಷೆಯಲ್ಲಿ, ಮಳೆ ಬಂತೆಂದು ಅಂಗಡಿ ಮಾಡಿನ ಕೆಳಗೆ ನಿಂತವನಿಗೂ ಕೊಡೆ ಬಿಡಿಸಿ ಕಡ್ಡಿ ನೋಡುವವನಿಗೂ ಇರುವ ವ್ಯತ್ಯಾಸ.

ಆದರೆ ಆ ಒಂದು ಆರ್ಡರನ್ನು ನಂಬಿ ನಾನು ಮತ್ತೆ ಬಿದ್ದೆ. ಮೂವತ್ತಕ್ಕೊಂದು ಎಂದು ಬರೆದುಕೊಂಡು ಜುಲೈಗೆ ಗುಣಿಸಿದೆ. ಜುಲೈಯಲ್ಲಿ ಸೊನ್ನೆ. ಹೀಗೆ ಬಿಡಿಬಿಡಿಯಾಗಿ ಬರುವ ಆರ್ಡರ್‌ಗಳಲ್ಲಿ ಏರಿಳಿತ ಹೆಚ್ಚುಕಡಿಮೆ ನಿರೀಕ್ಷಿಸಿದ ಸಂಖ್ಯೆಯ ವರ್ಗಮೂಲದಷ್ಟು ಇರುತ್ತದೆ. ನಾಲ್ಕು ನಿರೀಕ್ಷಿಸಿದರೆ ಎರಡೋ ಆರೋ ಆಗುವುದು ಮಾಮೂಲು. ಒಂದು ನಿರೀಕ್ಷಿಸಿದರೆ ಸೊನ್ನೆಗೆ ಗಾಬರಿಯಾಗುವಂತಿಲ್ಲ. ಈಗ ಒಂದು ಪುಟಕ್ಕೆ ಮೂವತ್ತು ಆರ್ಡರ್ ಆಗುವ ತನಕ ಅದರ ಅನುಪಾತವನ್ನು ಪೆನ್ಸಿಲಿನಲ್ಲೇ ಬರೆಯುತ್ತೇನೆ.

ಲಿಂಕ್ ಒತ್ತಿದವರೆಲ್ಲ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ಉಂಟು. ಒತ್ತಿದ 24 ಗಂಟೆಯೊಳಗೆ ಕೊಂಡರೆ ಮಾತ್ರ ನಮ್ಮದು. ಅಷ್ಟರಲ್ಲಿ ಕಾರ್ಟಿಗೆ ಹಾಕಿಟ್ಟಿದ್ದರೆ ಇನ್ನಷ್ಟು ದಿನ ಸಿಗುತ್ತದೆ. ಹತ್ತು ಸಾವಿರದ ವಸ್ತುವನ್ನು ನಮ್ಮ ಊರಿನವರು ಮನೆಯಲ್ಲಿ ಕೇಳದೆ ಕೊಳ್ಳುತ್ತಾರೆಯೇ? ಆದಿತ್ಯವಾರ ಮಾತಾಡಿ ಸೋಮವಾರ ನೇರ ಆ್ಯಪ್‌ನಲ್ಲಿ ಕೊಂಡರೆ ನನಗೆ ಗೊತ್ತೂ ಆಗುವುದಿಲ್ಲ. ತಿರುಗಿ, ಸ್ಟ್ಯಾಂಡಿನ ಲಿಂಕ್ ಒತ್ತಿದವರು ಯಾರೋ ಮಿಕ್ಸಿ ಕೊಂಡದ್ದಕ್ಕೆ ನನಗೆ ಕಮಿಷನ್ ಬಂದದ್ದೂ ಉಂಟು.

ಇನ್ನು ಮಳೆ. ಒಳ್ಳೆಯ ತಿಂಗಳನ್ನು ಹನ್ನೆರಡರಿಂದ ಗುಣಿಸುವ ಚಟ ನನಗೂ ಇತ್ತು. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಆರಿಸಿ ಈ ಪದಗಳ ಹುಡುಕಾಟದ ಐದು ವರ್ಷದ ಗೆರೆ ನೋಡಿದಾಗ ಚಟ ಬಿಟ್ಟಿತು: ಜೂನ್‌ನಲ್ಲಿ ಗುಡ್ಡ, ಆಗಸ್ಟ್ ನಡುವೆ ತುಳುವರ ಆಟಿ ತಿಂಗಳು ಮುಗಿಯುವಾಗ ಇಳಿಜಾರು, ದೀಪಾವಳಿ ಹೊತ್ತಿಗೆ ಬಯಲು. ಟ್ರೆಂಡ್ಸ್ ಎಷ್ಟು ಜನ ಎಂದು ಹೇಳುವುದಿಲ್ಲ, ಸೊನ್ನೆಯಿಂದ ನೂರರೊಳಗೆ ಏರಿಳಿತ ಮಾತ್ರ. ನನಗೆ ಬೇಕಾದದ್ದು ಅದೇ. ಸರ್ಚ್ ಕನ್ಸೋಲ್ 16 ತಿಂಗಳ ದಾಖಲೆಯನ್ನಷ್ಟೇ ಇಟ್ಟುಕೊಳ್ಳುವುದರಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಇಳಿಸಿಟ್ಟುಕೊಳ್ಳುತ್ತೇನೆ. 2024ರ ಆಗಸ್ಟ್‌ನಲ್ಲಿ, ಹುಡುಕಿದ ಪುಟದಲ್ಲೇ ಕಾಣುವ ಗೂಗಲ್‌ನ ಎಐ ಉತ್ತರಗಳು ಭಾರತಕ್ಕೆ ಬಂದ ಮೇಲೆ ವಾಸನೆಯ ಪುಟಕ್ಕೆ ಬರುವವರು ಕಡಿಮೆಯಾದರು. ದುಡಿಯದ ಪುಟವಾದ್ದರಿಂದ ಹೆಚ್ಚು ನೋವಾಗಲಿಲ್ಲ.

ಈಗ ಪ್ರತಿ ಮೇ ತಿಂಗಳಲ್ಲಿ ಪುಟದಿಂದ ಪುಟಕ್ಕೆ ಕಡಿಮೆಯದ್ದೊಂದು, ಹೆಚ್ಚಿನದ್ದೊಂದು ಸಂಖ್ಯೆ ಬರೆಯುತ್ತೇನೆ. ಹೋಸ್ಟಿಂಗ್, ಡೊಮೇನ್ ಖರ್ಚು ಕಡಿಮೆಯದ್ದರಲ್ಲೇ ಹುಟ್ಟಬೇಕು. ಕಳೆದ ಜೂನ್‌ಗೆ ಬರೆದದ್ದು 1,200ರಿಂದ 5,000. ವಾಪಸ್ ಹೋದದ್ದು ಕಳೆದು ಆದದ್ದು 2,310. ಆ ಹಣ ಖಾತೆಗೆ ಬೀಳುವಾಗ ತಿಂಗಳು ಮುಗಿದು ಎರಡು ತಿಂಗಳಾಗಿತ್ತು, ಚೌತಿ ಹತ್ತಿರ. ಮಾವನಿಗೆ ತೋರಿಸಿದೆ. ಅವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತಮ್ಮ ನೋಟ್‌ಬುಕ್ ತೆಗೆದು ಜೂನ್‌ನ ಪುಟ ಬಿಡಿಸಿದರು. ಒಳಗೆ ಬಂದವರು, ಕೊಂಡವರು, ಬದಲಿಸಿಕೊಂಡು ಹೋದವರು ಎಂದು ಮೂರು ಸಾಲು ಗೀಟು. ಎಷ್ಟು ವರ್ಷದಿಂದ ಬರೆಯುತ್ತೀರಿ ಎಂದು ಕೇಳಿದೆ. "ಅಂಗಡಿ ಹಾಕಿದಲ್ಲಿಂದ" ಎಂದರು. "ನೀನು ಕೇಳಲೇ ಇಲ್ಲ ಅಲ್ವಾ."